ಗೋಪುರ ದಡಿಗೆ ಬರೆದ ಲೂಪ್

ಕಂಪ್ಯೂಟರಿನ ಸಿ ಭಾಷೆ ಕಲಿಯಲು ಕೂತವರೆಲ್ಲ ಒಂದು ಪ್ರೋಗ್ರಾಂ ಬರೆದೇ ಇರುತ್ತಾರೆ. ಮೊದಲ ಸಾಲಿಗೆ ಒಂದು ಚುಕ್ಕಿ, ಎರಡನೇ ಸಾಲಿಗೆ ಎರಡು, ಹೀಗೆ ಎಂಟರ ತನಕ ಏರಿ ಮತ್ತೆ ಒಂದಕ್ಕೆ ಇಳಿಯುವುದು. ಪರದೆಯ ಮೇಲೆ ಅಡ್ಡ ಮಲಗಿದ ತ್ರಿಕೋನ ಮೂಡುತ್ತದೆ. ನನಗೆ ರಾಮದುರ್ಗದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಗಿರಾಕಿ ಇಲ್ಲದಾಗ ಅಲ್ಲಿನ ಹಳೆ ಕಂಪ್ಯೂಟರಿನಲ್ಲಿ ಆ ತ್ರಿಕೋನವನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಗೊತ್ತಿಲ್ಲ. ಕಲಿಸುವವರು ಯಾರೂ ಇರಲಿಲ್ಲ. ಮುಖಪುಟ ಹರಿದ ಒಂದು ಪುಸ್ತಕ, ಮೊಬೈಲಿನಲ್ಲಿ ಒಂದಿಷ್ಟು ವಿಡಿಯೊ, ಅಷ್ಟೇ. ಒಂದೇ ಕೆಲಸವನ್ನು ಎಣಿಸಿ ಎಣಿಸಿ ಮಾಡಿಸುವ ಫಾರ್ ಲೂಪ್ ಬಂತು, ಮೆನು ಮಾಡಲು ಸ್ವಿಚ್ ಬಂತು, ಒಮ್ಮೆ ಬರೆದಿಟ್ಟು ಬೇಕಾದಾಗ ಕರೆಯುವ ಫಂಕ್ಷನ್ ಅರ್ಧ ಬಂತು. ಇದನ್ನೆಲ್ಲ ಕಲಿತು ಏನು ಮಾಡುತ್ತೀ ಎಂದು ಯಾರಾದರೂ ಕೇಳಿದ್ದರೆ ಹೇಳಲು ಏನೂ ಇರಲಿಲ್ಲ, ಆ ಒಂದು ವಾರ ಬರುವ ತನಕ.

ನಮ್ಮವ್ವ ನೇಯುತ್ತಾಳೆ. ಪಡಸಾಲೆಯಲ್ಲಿ ಎರಡು ಕುಣಿಮಗ್ಗ ಇವೆ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಒಂದು ನಡೆಯುತ್ತಿತ್ತು. ಇನ್ನೊಂದರ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಜೋಳದ ಚೀಲ ಇಟ್ಟು ಎರಡು ವರ್ಷವಾಗಿತ್ತು.

"ಈ ಸಲಾನೂ ಕೆಲಸ ಬರಲಿಲ್ಲಂದ್ರ ಅದಕ್ಕ ಮಣ್ಣ ತುಂಬಿ ಸಾರಿಸಿಬಿಡೂಣು. ಓಡ್ಯಾಡಾಕರ ಜಾಗ ಆಕ್ಕೈತಿ" ಎಂದು ಅವ್ವ ಯುಗಾದಿಯಿಂದ ಹೇಳುತ್ತಿದ್ದಳು. ಹೇಳುವಾಗ ಆ ಕಡೆ ನೋಡುತ್ತಿರಲಿಲ್ಲ.

ಸೋಮವಾರ ಕಿತ್ತೂರಿನಿಂದ ಫೋನ್ ಬಂತು. ಮಾಡಿದವರು ನಿವೃತ್ತ ಶಿಕ್ಷಕಿ, ಅಲ್ಲಿನ ಒಂದು ಮಹಿಳಾ ಸಂಘಕ್ಕೆ ಹಿರಿಯರು. ನಾವು ಅಕ್ಕೋರು ಎನ್ನುತ್ತೇವೆ. ಸಂಘದವರಿಗೆಲ್ಲ ಒಂದೇ ಥರದ ಸೀರೆ ಬೇಕು, ದಡಿಯ ಉದ್ದಕ್ಕೂ ಸಾಲಾಗಿ ಗೋಪುರ ಇರಬೇಕು ಎಂದರು.

"ಶನಿವಾರ ಮಧ್ಯಾಹ್ನ ನಾನ ಬರತೇನಿ. ಒಂದ ಗೇಣ ನೇಯ್ದ ತೋರಸ್ರಿ. ಮನಸಿಗೆ ಬಂತು, ಎಲ್ಲಾ ಸೀರಿ ನಿಮಗ. ಇಲ್ಲಂದ್ರ ಹಂಗ ಪವರ್‌ಲೂಮಿನವ್ರ ಕಡೆ ಹೋಗತೇನಿ. ಎರಡೆರಡ ಸಲ ಬರೂ ಶಕ್ತಿ ನನ್ನ ಮೊಣಕಾಲಿಗಿಲ್ಲ."

ಅವ್ವ ಆಗಲಿ ಎಂದಳು. ಫೋನ್ ಇಟ್ಟ ಮೇಲೆ ಅವಳಿಗೆ ಚಿತ್ತಾರ ಹಾಕಿಕೊಡುವ ಚಾಚಾನ ಕಣ್ಣು ನೆನಪಾಯಿತು.

ಇಲ್ಲಿ ಸ್ವಲ್ಪ ಮಗ್ಗದ ವಿಷಯ ಹೇಳಬೇಕು. ದಡಿಯ ಚಿತ್ತಾರ ತೆಗೆಯುವುದು ಮಗ್ಗದ ಮೇಲೆ ಕೂತ ಡಾಬಿ ಎಂಬ ಯಂತ್ರ. ಅದಕ್ಕೆ ಕಟ್ಟಿಗೆಯ ಪಟ್ಟಿಗಳ ಸರಪಳಿ ಸುತ್ತಿರುತ್ತದೆ. ಪ್ರತಿ ಪಟ್ಟಿಗೂ ಹನ್ನೆರಡು ತೂತು. ತೂತಿಗೆ ಕಟ್ಟಿಗೆಯ ಮೊಳೆ ಹೊಡೆದರೆ ಆ ಜಾಗದ ದಡಿ ಎಳೆಗಳು ಮೇಲೇಳುತ್ತವೆ, ಖಾಲಿ ಬಿಟ್ಟರೆ ಕೆಳಗೇ ಉಳಿಯುತ್ತವೆ. ಅವ್ವ ಡಾಬಿಯ ಹಲಗೆ ಒಮ್ಮೆ ತುಳಿದರೆ ಒಂದು ಪಟ್ಟಿ ಮುಂದೆ ಸರಿಯುತ್ತದೆ, ಅದರ ಮೇಲೆ ಲಾಳಿ ನಾಲ್ಕು ಸಲ ಆಡುತ್ತದೆ, ಮತ್ತೆ ತುಳಿತ. ನಮ್ಮ ಎರಡೂ ಮಗ್ಗದ ಡಾಬಿಗೆ ತಲಾ ಹದಿನಾರು ಪಟ್ಟಿ. ಯಾವ ಪಟ್ಟಿಯ ಯಾವ ತೂತಿಗೆ ಮೊಳೆ ಎಂದು ಹೇಳುವವರು ಹಿಂದಿನ ಓಣಿಯ ಚಾಚಾ. ಸುತ್ತಲಿನ ಎಲ್ಲ ಮಗ್ಗಗಳಿಗೂ ಅವರೇ. ಆ ವಾರವೇ ಅವರ ಒಂದು ಕಣ್ಣಿನ ಪೊರೆ ತೆಗೆದು ಬ್ಯಾಂಡೇಜ್ ಹಾಕಿದ್ದರು. ಇನ್ನೊಂದು ಕಣ್ಣು ಮೊದಲೇ ಮಂಜು.

ಅವ್ವ ಬಾಯಿಗೆ ಸೆರಗು ಹಿಡಿದು ಕೂತಿದ್ದಳು. ನಾನು ಪಟ್ಟಿಯನ್ನೂ ತೂತನ್ನೂ ನೋಡುತ್ತಿದ್ದೆ. ಪಟ್ಟಿ ಅಂದರೆ ಒಂದು ಸಾಲು. ಮೊಳೆ ಅಂದರೆ ಒಂದು ಚುಕ್ಕಿ. ಅಡ್ಡ ಮಲಗಿದ ತ್ರಿಕೋನ ಅಂದರೆ ದಡಿಯ ಗೋಪುರ.

"ನಾ ಮಾಡತೇನಿ" ಎಂದೆ.

"ಏನ ಮಾಡತಿ?"

"ಮೊಳಿ ಎಲ್ಲೆಲ್ಲಿ ಹೊಡೀಬೇಕ ಅನ್ನೂದು. ಅದ ಬರೇ ಲೂಪ್ ಅವ್ವ."

"ನಿನ್ನ ಲೂಪ್ ಮಗ್ಗಕ್ಕ ಕುಂದರತೈತೇನ?"

"ಕುಂದರತೈತಿ."

"ಹಾಸ ಎಷ್ಟ ಉಳದೈತಿ ನೋಡಿ ಮಾತಾಡ" ಎಂದಳು.

ಹಾಸು ಎಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆ. ಹಳೆ ಹಾಸಿನಲ್ಲಿ ನೇಯಲು ಉಳಿದದ್ದು ಎರಡೇ ಗೇಣು. ಅಕ್ಕೋರು ಬಣ್ಣ ಹೇಳುವ ತನಕ ಹೊಸ ಹಾಸು ಹೂಡುವಂತಿಲ್ಲ. ನೇಯ್ದದ್ದನ್ನು ಬಿಚ್ಚಿ ಮತ್ತೆ ನೇಯುವಂತೆಯೂ ಇಲ್ಲ, ದಡಿಯ ಎಳೆ ನಾರೆದ್ದು ಹರಿಯುತ್ತದೆ. ಎರಡು ಗೇಣಿನೊಳಗೆ ಒಂದು ಗೇಣು ತಪ್ಪಿಲ್ಲದೆ ಬರಬೇಕಿತ್ತು.

ಬುಧವಾರ, ಗುರುವಾರ ಅಂಗಡಿಯಲ್ಲಿ ಬರೆದೆ. ಉತ್ಸಾಹಕ್ಕೆ ಮೆನು ಬೇರೆ ಮಾಡಿದೆ: ಒಂದು ಒತ್ತಿದರೆ ಗೋಪುರದ ಚಿತ್ರ, ಎರಡು ಒತ್ತಿದರೆ ಪಟ್ಟಿ ಪಟ್ಟಿಗೆ ಮೊಳೆ ಎಷ್ಟು, ಮೂರು ಒತ್ತಿದರೆ ಹೊರಗೆ. ಅಂಕಿಯ ಬದಲು ಅಕ್ಷರ ಒತ್ತಿದರೆ ಏನಾಗುತ್ತದೆ ಎಂದು ನೋಡಲು ಹೋದೆ. ಮೆನು ನಿಲ್ಲದೆ ಪರದೆ ತುಂಬ ಸುರಿಯತೊಡಗಿತು. ಒತ್ತಿದ್ದನ್ನು ಓದಿಕೊಳ್ಳುವ ಸ್ಕ್ಯಾನ್‌ಎಫ್ ಅಂಕಿಗೆ ಕಾಯುತ್ತದೆ, ಅಕ್ಷರ ಸಿಕ್ಕರೆ ನುಂಗುವುದೂ ಇಲ್ಲ ಉಗುಳುವುದೂ ಇಲ್ಲ, ಲೂಪ್ ಮಾತ್ರ ತಿರುಗುತ್ತದೆ.

ಅಂಗಡಿ ಮಾಲೀಕರು ಬಗ್ಗಿ ನೋಡಿದರು. "ಏನವಾ, ಮಷಿನ್‌ಗೆ ಮೈಮ್ಯಾಲೆ ಬಂದೈತೇನ? ಆಧಾರ್ ಕಾರ್ಡ್ ಝೆರಾಕ್ಸ್‌ಗೆ ಮಂದಿ ನಿಂತಾರ."

ಸಿಕ್ಕಿಕೊಂಡ ಅಕ್ಷರವನ್ನು ಓದಿ ಬಿಸಾಡುವ ಒಂದು ಸಾಲು ಸೇರಿಸಿದೆ, ಸರಿಹೋಯಿತು. ಹದಿನಾರು ಸಾಲಿನ ಚಿತ್ರವನ್ನು ಹಾಳೆಗೆ ಅಚ್ಚು ಹಾಕಿ ಮನೆಗೆ ತಂದೆ. ಎಂಟಕ್ಕೆ ಏರುವ ಲೂಪ್ ಒಂದು, ಎಂಟರಿಂದ ಇಳಿಯುವ ಲೂಪ್ ಇನ್ನೊಂದು. ಎಂಟು ಮತ್ತು ಎಂಟು ಹದಿನಾರು, ನಮ್ಮ ಪಟ್ಟಿಯೂ ಹದಿನಾರು. ಇಷ್ಟು ಸರಿಯಾಗಿ ಕೂಡಿದ್ದಕ್ಕೆ ನನಗೆ ಖುಷಿಯೋ ಖುಷಿ. ಅಲ್ಲೇ ಅನುಮಾನ ಪಡಬೇಕಿತ್ತು.

ಶುಕ್ರವಾರ ರಜೆ ಹಾಕಿದೆ. ಮಗ್ಗದ ಮುಂದೆ ಸ್ಟೂಲ್ ಇಟ್ಟು ಹತ್ತಿ, ಒಂದೊಂದು ಪಟ್ಟಿ ಎದುರಿಗೆ ತಂದು, ಹಾಳೆಯಲ್ಲಿ ಎಡದಿಂದ ಎಷ್ಟು ಚುಕ್ಕಿಯೋ ಅಷ್ಟು ಮೊಳೆಯನ್ನು ಎಡದಿಂದ ಹೊಡೆದೆ. ಎಪ್ಪತ್ತೆರಡು ಮೊಳೆ. ಸಂಜೆ ನಾಲ್ಕಕ್ಕೆ ಮುಗಿಯಿತು. ಅವ್ವ ಕುಣಿಯೊಳಗೆ ಇಳಿದು ಲಾಳಿ ಹಿಡಿದಳು. ಮೊದಲ ನಾಲ್ಕು ಬೆರಳು ಬಟ್ಟೆ ಬಂತು. ಆಮೇಲೆ ಅವಳು ಲಾಳಿ ನಿಲ್ಲಿಸಿದಳು.

"ಬಾ ಇಲ್ಲೆ. ಗುಡಿ ನೋಡ."

ಗೋಪುರಗಳು ಬಂದಿದ್ದವು. ಬುಡ ಸೀರೆಯ ಒಳಗೆ, ತುದಿ ಅಂಚಿನ ಕಡೆಗೆ. ಉಟ್ಟರೆ ಎಲ್ಲವೂ ತಲೆ ಕೆಳಗಾಗಿ ನೇತಾಡುತ್ತವೆ.

"ಅಕ್ಕೋರಿಗೆ ಏನಂತ ಹೇಳ್ಲಿ? ಬಾವಲಿ ಕಟ್ಟಿದ ಗುಡಿ ಅಂತನ?"

ನಾನು ಯೋಚಿಸಲಿಲ್ಲ. ಮೊಬೈಲಿನಲ್ಲಿ ಸಿ ಓಡಿಸುವ ಆ್ಯಪ್ ಇತ್ತು. ಪ್ರೋಗ್ರಾಮನ್ನು ಅದರಲ್ಲಿ ಮತ್ತೆ ಬರೆದು, ಚುಕ್ಕಿಗಿಂತ ಮೊದಲು ಖಾಲಿ ಜಾಗ ಹಾಕುವ ಲೂಪ್ ಸೇರಿಸಿದೆ, ಚಿತ್ರ ಬಲಕ್ಕೆ ಸರಿಯಿತು. ಯಾಕೆ ಉಲ್ಟಾ ಆಯಿತು ಎಂದು ನನಗೆ ಗೊತ್ತಿರಲಿಲ್ಲ. ಸರಿಹೋದರೆ ಸಾಕು ಎಂದಷ್ಟೇ ಇತ್ತು. ಪರದೆಯ ಮೇಲೆ ನಾನು ಯಾವಾಗಲೂ ಹಾಗೇ ಮಾಡುತ್ತಿದ್ದೆ: ಅಂಕಿ ಬದಲಿಸು, ಓಡಿಸು, ಬರಲಿಲ್ಲವೇ, ಇನ್ನೊಂದು ಬದಲಿಸು. ಶನಿವಾರ ಬೆಳಿಗ್ಗೆ ಎದ್ದವಳೇ ಎಪ್ಪತ್ತೆರಡು ಮೊಳೆ ಕಿತ್ತು ಬಲದಿಂದ ಹೊಡೆದೆ. ಹೆಬ್ಬೆರಳಿನ ಚರ್ಮ ಸುಲಿದಿತ್ತು.

ಅವ್ವ ಮತ್ತೆ ನಾಲ್ಕೈದು ಬೆರಳು ನೇಯ್ದಳು. ಗೋಪುರ ನೆಟ್ಟಗೆ ನಿಂತಿದ್ದವು. ನಾನು ಉಸಿರು ಬಿಡುವಷ್ಟರಲ್ಲಿ ಅವಳು ಬಟ್ಟೆಯ ಮೇಲೆ ಬೆರಳಿಟ್ಟಳು.

"ತುದಿ ಎಲ್ಲೈತಿ? ತಲಿ ಚಪ್ಪಟ ಐತಿ ನೋಡ. ಒಂದಕ್ಕೊಂದ ಬುಡಾ ಬ್ಯಾರೆ ಅಂಟ್ಯಾವು. ಇವು ಗುಡಿ ಅಲ್ಲವಾ, ನಮ್ಮ ಓಣ್ಯಾಗಿನ ಮಾಳಗಿ ಮನಿ."

ಹಾಸು ಅಳೆದೆವು. ಒಂದು ಗೇಣು, ಮೇಲೆ ಎರಡು ಬೆರಳು. ಇನ್ನೊಂದು ತಪ್ಪಿಗೆ ಜಾಗ ಇರಲಿಲ್ಲ.

ಆಗಲೇ ಫೋನ್ ಬಂತು. "ಬೈಲಹೊಂಗಲದಾಗ ಬಸ್ ಬದಲಿ ಮಾಡೇನಿ" ಎಂದರು ಅಕ್ಕೋರು. "ಕಿಟಕಿ ಸೀಟ್ ಸಿಕ್ತು. ಚಾ ಬ್ಯಾಡ, ಮಜ್ಜಿಗಿ ಇಡ್ರಿ."

ಬೈಲಹೊಂಗಲ, ಆಮೇಲೆ ಸವದತ್ತಿ, ಆಮೇಲೆ ನಾವು. ಎರಡೂವರೆ ತಾಸು ಇರಬಹುದು. ನನ್ನ ಕೈ ಆಗಲೇ ಮೊಬೈಲಿನ ಮೇಲಿತ್ತು. ಇಳಿಯುವ ಲೂಪಿನಲ್ಲಿ ಎಂಟನ್ನು ಏಳು ಮಾಡೋಣವೇ, ಅಥವಾ ಸೊನ್ನೆಯಿಂದ ಶುರು ಮಾಡೋಣವೇ? ಒಂದು ಕಡೆ ಬದಲಿಸಿದೆ. ಪ್ರೋಗ್ರಾಮಿನಲ್ಲಿ ಆರು ಕಡೆ ಎಂಟು ಬರೆದಿದ್ದೆ. ಒಂದು ಬದಲಾಯಿತು, ಉಳಿದ ಐದು ಹಾಗೇ ಇದ್ದವು, ಚಿತ್ರ ಪೂರಾ ಹರಿದುಹೋಯಿತು. ಇನ್ನೊಂದು ಬದಲಿಸಿದೆ. ಇನ್ನೂ ಕೆಟ್ಟಿತು.

ಅವ್ವ ಕುಣಿಯೊಳಗಿಂದ ನನ್ನನ್ನೇ ನೋಡುತ್ತಿದ್ದಳು.

ಮೊಬೈಲ್ ಕೆಳಗಿಟ್ಟೆ. ಪರದೆಯ ಮೇಲೆ ಓಡಿಸುವುದಕ್ಕೆ ಏನೂ ಖರ್ಚಿಲ್ಲ, ಇಲ್ಲಿ ಪ್ರತಿ ಸಲಕ್ಕೂ ನಾಲ್ಕು ಬೆರಳು ಹಾಸು ಹೋಗುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಒಯ್ಯಬೇಕು. ಹಾಳೆ ತೆಗೆದುಕೊಂಡು ಹಿಂದಿನ ಓಣಿಗೆ ಓಡಿದೆ.

ಚಾಚಾ ಮಂಚದ ಮೇಲೆ ಅಂಗಾತ ಮಲಗಿದ್ದರು, ಕಣ್ಣಿಗೆ ದಪ್ಪ ಬಿಳಿ ಬ್ಯಾಂಡೇಜ್. ಅವರ ಸೊಸೆ ಬಾಗಿಲಲ್ಲೇ ತಡೆದಳು. "ಭಾಳ ಮಾತಾಡಸಬ್ಯಾಡ. ಆಪರೇಷನ್ ಆಗೈತಿ."

"ಬಾಯಿಗೆ ಆಗಿಲ್ಲ" ಎಂದರು ಚಾಚಾ ಒಳಗಿಂದ. "ಯಾರ ಅದು? ಮುಂದಿನ ಓಣಿ ಅವ್ವಾರ ಮಗಳಾ? ಬಾ ಬೇಟಿ."

ಹೇಳಿದೆ. ಹಾಳೆ ತೋರಿಸಲು ಹೋದವಳು ಅವರ ಕಣ್ಣು ನೋಡಿ ಕೈ ಹಿಂದೆ ತೆಗೆದೆ.

"ಓದ" ಎಂದರು. "ಪಟ್ಟಿಗೆ ಎಷ್ಟ ಮೊಳಿ, ಬರೇ ಅಷ್ಟ."

ಓದಿದೆ. ಒಂದು, ಎರಡು, ಮೂರು. ಅವರ ಬೆರಳು ಮಂಚದ ಕಟ್ಟಿಗೆಯ ಮೇಲೆ ಒಂದೊಂದು ಪಟ್ಟಿಗೂ ಒಂದು ಏಟು ಹಾಕುತ್ತಿತ್ತು. ಆರು, ಏಳು, ಎಂಟು, ಎಂಟು. ಬೆರಳು ನಿಂತಿತು.

"ಎಂಟ ಎರಡ ಸಲ ಹೇಳಿದಿ."

ನೋಡಿದೆ. ಏರುವ ಲೂಪ್ ಎಂಟಕ್ಕೆ ಮುಗಿಯುತ್ತದೆ, ಇಳಿಯುವ ಲೂಪ್ ಎಂಟರಿಂದಲೇ ಶುರುವಾಗುತ್ತದೆ. ಚಪ್ಪಟೆ ತಲೆ ಅಲ್ಲಿಂದ ಬಂದಿತ್ತು. ನೂರು ಸಲ ಪರದೆಯ ಮೇಲೆ ನೋಡಿದ ಚಿತ್ರ. ಅಷ್ಟು ಸಣ್ಣ ಚುಕ್ಕಿಗಳಲ್ಲಿ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಮುಂದ ಓದ. ಕಡೀಕ ಏನೈತಿ?"

"ಮೂರು, ಎರಡು, ಒಂದು. ಮುಗೀತು ಚಾಚಾ."

"ಎಲ್ಲಿ ಮುಗೀತು? ಮಗ್ಗ ಮುಗಿಯಂಗಿಲ್ಲ, ಸುತ್ತ ಬರತೈತಿ. ಒಂದ ಆದ ಮ್ಯಾಲೆ ಮತ್ತ ಒಂದ ಬರತೈತಿ. ಎರಡ ಗುಡಿ ನಡುವ ಮನಷ್ಯಾ ಹಾಯಾಕ ಜಾಗ ಬಿಟ್ಟಿಯೇನ?"

ಒಂದು ಖಾಲಿ ಪಟ್ಟಿ ಬೇಕಿತ್ತು. ಎಂಟಕ್ಕೆ ಏರಿ, ಏಳರಿಂದ ಇಳಿದು, ಒಂದು ಖಾಲಿ. ಎಂಟು, ಏಳು, ಒಂದು. ಆಗಲೂ ಹದಿನಾರೇ.

"ಇನ್ನೊಂದ ಕೇಳ್ತೇನಿ" ಎಂದರು. "ಮೊದಲ ಉಲ್ಟಾ ಬಂತು ಅಂದೆಲ್ಲ. ಮೊಳಿ ಹೊಡಿಯುವಾಗ ಎಲ್ಲಿ ನಿಂತಿದ್ದಿ?"

"ಮಗ್ಗದ ಮುಂದ. ಸ್ಟೂಲ್ ಮ್ಯಾಲೆ."

ಚಾಚಾ ನಕ್ಕರು, ಕಣ್ಣು ನೋಯುತ್ತದೆಂದು ಅರ್ಧಕ್ಕೇ ನಿಲ್ಲಿಸಿದರು. "ನಿಮ್ಮವ್ವ ಎಲ್ಲಿ ಕುಂದರತಾಳ?"

ಅವ್ವ ಕೂರುವುದು ಆ ಕಡೆ. ನಾನು ಅವಳಿಗೆ ಎದುರು ನಿಂತು ಎಣಿಸಿದ್ದೆ. ನನ್ನ ಎಡ ಅವಳ ಬಲ. ನೇಕಾರರ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಮಗ್ಗವನ್ನು ಯಾವಾಗಲೂ ಎದುರಿನಿಂದಲೇ ನೋಡಿದ್ದೆ, ಊಟಕ್ಕೆ ಬಾ ಎಂದು ಕರೆಯಲು ಹೋದಾಗ. ಆ ಕುಣಿಯಲ್ಲಿ ಒಮ್ಮೆಯೂ ಕೂತಿರಲಿಲ್ಲ.

"ಈಗ ಸೀದಾ ಹೋಗಿ ನೇಯಬ್ಯಾಡ್ರಿ" ಎಂದರು ಚಾಚಾ. "ಲಾಳಿ ಬದೀಗಿಡ್ರಿ. ಬರೇ ತುಳದ ನೋಡ್ರಿ, ಎರಡ ಸುತ್ತ. ಎಳಿ ಎದ್ದದ್ದ ಎಣಸ್ರಿ. ಅದಕ್ಕ ಹಾಸ ಖರ್ಚ ಆಗೂದಿಲ್ಲ."

ಅವರ ಮಂಚದ ಪಕ್ಕದಲ್ಲೇ ಕೂತು ಮೆನು ಒಂದನ್ನು ಬಿಟ್ಟು ಹಳೆಯದನ್ನೆಲ್ಲ ಅಳಿಸಿದೆ. ಹೊಸದಾಗಿ ಒಂದು ಸಣ್ಣ ಫಂಕ್ಷನ್ ಬರೆದೆ: ಎಷ್ಟು ಮೊಳೆ ಎಂದು ಹೇಳಿದರೆ ಒಂದು ಪಟ್ಟಿ ಅಚ್ಚು ಹಾಕುವುದು, ಅವ್ವ ಕೂತಲ್ಲಿಂದ ಕಾಣುವ ಹಾಗೆ. ಇನ್ನೊಂದು ಫಂಕ್ಷನ್: ಎತ್ತರ ಎಷ್ಟು ಎಂದು ಹೇಳಿದರೆ ಪಟ್ಟಿಯ ಫಂಕ್ಷನ್ನನ್ನು ಏರುತ್ತ ಇಳಿಯುತ್ತ ಕರೆದು, ಕೊನೆಗೆ ಸೊನ್ನೆ ಕೊಟ್ಟು ಒಮ್ಮೆ ಕರೆಯುವುದು. ಎಂಟು ಎನ್ನುವ ಅಂಕಿಯನ್ನು ಪ್ರೋಗ್ರಾಮಿನಲ್ಲಿ ಎಲ್ಲಿಯೂ ಬರೆಯಲಿಲ್ಲ. ಮೆನುವಿನಲ್ಲಿ ಒಂದು ಒತ್ತಿದರೆ ಎತ್ತರ ಎಷ್ಟು ಎಂದು ಅದೇ ಕೇಳುತ್ತದೆ. ಫಂಕ್ಷನ್ ಅರ್ಧ ಬಂದಿತ್ತು ಎಂದೆನಲ್ಲ, ಉಳಿದರ್ಧ ಅಲ್ಲಿ ಬಂತು. ಓದಿ ಹೇಳಿದೆ. ಚಾಚಾನ ಬೆರಳು ಎಲ್ಲೂ ನಿಲ್ಲಲಿಲ್ಲ.

ಓಣಿ ದಾಟುವಾಗ ಫೋನ್. "ಸವದತ್ತಿ ಬಿಟ್ಟೇವಿ" ಎಂದರು ಅಕ್ಕೋರು. "ನೀ ಯಾಕ ತೇಕಾಕತ್ತಿ?"

ಮನೆಗೆ ಬಂದು ಹೊಸ ಚಿತ್ರವನ್ನು ಪಟ್ಟಿಗಳ ಜೊತೆ ಹೋಲಿಸಿ ನೋಡಿದೆ. ಎಪ್ಪತ್ತೆರಡೂ ಮೊಳೆ ಕೀಳುವುದು ಬೇಕಿರಲಿಲ್ಲ. ಒಂಬತ್ತನೇ ಪಟ್ಟಿಯಿಂದ ಹದಿನಾರರ ತನಕ, ಪ್ರತಿಯೊಂದರಿಂದ ಒಂದೇ ಮೊಳೆ. ಎಂಟು ಏಳಾಗಬೇಕು, ಏಳು ಆರು, ಕೊನೆಯ ಒಂದು ಸೊನ್ನೆ. ಒಟ್ಟು ಎಂಟು ಮೊಳೆ. ಆದರೆ ಗೋಪುರದ ತುದಿಯ ಕಡೆಯ ಮೊಳೆಯನ್ನೇ ಕೀಳಬೇಕು. ಬುಡದ್ದನ್ನು ಕಿತ್ತರೆ ಅಂಚಿನಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ, ಮತ್ತೆ ಹಾಸು ಹೋಯಿತು.

"ಅವ್ವ, ಏಳ. ನಾ ಒಂದೀಟ ಕುಂದರತೇನಿ."

"ಎಲ್ಲಿ?"

"ನಿನ್ನ ಜಾಗಾದಾಗ."

ಅವಳು ಎದ್ದು ಜಾಗ ಬಿಟ್ಟಳು. ಕುಣಿಯೊಳಗೆ ಕಾಲಿಟ್ಟೆ. ತಣ್ಣಗಿತ್ತು. ಅಲ್ಲಿಂದ ನೋಡಿದರೆ ಡಾಬಿ ಬೇರೆಯೇ ಯಂತ್ರ. ಅಂಚು ನನ್ನ ಎಡಕ್ಕೆ, ತುದಿ ಬಲಕ್ಕೆ. ಬಲದ ಮೊಳೆ, ಬಲದ ಮೊಳೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ, ಪಟ್ಟಿ ತೋರಿಸುತ್ತ ಹೋದೆ. ಅವ್ವ ಸ್ಟೂಲ್ ಹತ್ತಿ ಇಕ್ಕಳದಿಂದ ಕಿತ್ತಳು.

ಆಮೇಲೆ ಅವಳು ಕುಣಿಗೆ ಇಳಿದಳು, ನಾನು ಅವಳ ಬೆನ್ನ ಹಿಂದೆ ನಿಂತೆ. ಲಾಳಿ ಬದಿಗೆ. ಬರೀ ತುಳಿತ. ಅವಳು ಎದ್ದದ್ದನ್ನು ಎಣಿಸಿ ಹೇಳುತ್ತಿದ್ದಳು, ನಾನು ಮೊಬೈಲ್ ನೋಡುತ್ತಿದ್ದೆ.

"ಆರ."

"ಹೂಂ."

"ಏಳ. ಎಂಟ. ಏಳ. ಆರ. ನಾಕ."

"ನಿಲ್ಲ. ಐದ ಬೇಕು."

ಹನ್ನೊಂದನೇ ಪಟ್ಟಿ. ಹತ್ತಿ ನೋಡಿದರೆ ಮೊಳೆ ಐದೂ ಇದ್ದವು, ನಡುವಿನ ಒಂದರ ತಲೆ ಮುರಿದು ಗಿಡ್ಡಾಗಿತ್ತು. ಕೀಳುವಾಗ ಇಕ್ಕಳ ತಾಗಿರಬೇಕು. ಬೇರೆ ಹೊಡೆದೆ. ಮತ್ತೆ ಮೊದಲಿಂದ ತುಳಿತ, ಎರಡು ಸುತ್ತು. ಎರಡು, ಒಂದು, ಏನೂ ಇಲ್ಲ, ಒಂದು, ಎರಡು. ಸುತ್ತು ಕೂಡಿತು.

"ಹಾಕ್ಲ್ಯಾ?" ಎಂದು ಅವ್ವ ಲಾಳಿ ಕೈಗೆ ತೆಗೆದುಕೊಂಡಳು.

"ಹಾಕ."

ಮೊದಲ ಗೋಪುರ ಮುಗಿಯುವ ತನಕ ನಾನು ಬಟ್ಟೆ ನೋಡಲಿಲ್ಲ, ಅವಳ ಕಾಲಿನ ಸಪ್ಪಳ ಎಣಿಸುತ್ತಿದ್ದೆ. ಹದಿನಾರನೆಯದಕ್ಕೆ ಅವಳು ಒಂದು ಗಳಿಗೆ ತಡೆದಳು, ಬಗ್ಗಿ ನೋಡಿದಳು, ಮತ್ತೆ ತುಳಿದಳು. ಆಗ ನಾನೂ ನೋಡಿದೆ. ತುದಿ ಚೂಪಾಗಿತ್ತು.

ಎಂಟನೇ ಗೋಪುರ ಏರುತ್ತಿದ್ದಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಶಬ್ದ. "ಮಜ್ಜಿಗಿ ಎಲ್ಲೈತಿ?" ಎನ್ನುತ್ತ ಅಕ್ಕೋರು ಒಳಗೆ ಬಂದರು. ಕೆಟ್ಟ ಭಾಗವನ್ನು ಕತ್ತರಿಸಿ ಬಚ್ಚಿಡಲು ಹೊತ್ತು ಸಿಗಲಿಲ್ಲ. ಅವರು ಮಗ್ಗದ ಮೇಲೆಯೇ ಬಗ್ಗಿ, ಕನ್ನಡಕ ಏರಿಸಿ, ಮೊದಲಿನಿಂದ ನೋಡುತ್ತ ಬಂದರು, ಮಕ್ಕಳ ವಹಿ ತಿದ್ದುವವರ ಹಾಗೆ.

"ಇವ್ಯಾಕ ತಲಿಕೆಳಗ?"

"ಅದು ಮೊದಲನೇದ್ದು" ಎಂದೆ.

"ಇವ್ಯಾಕ ಚಪ್ಪಟ?"

"ಅದು ಎರಡನೇದ್ದು."

"ಹೂಂ" ಎಂದು ಕೊನೆಯ ಗೇಣಿನ ಮೇಲೆ ಬೆರಳು ಆಡಿಸಿದರು. "ಇದು ಸರಿ ಐತಿ. ಆದ್ರ ಗಿಡ್ಡ ಆತಲ್ಲವಾ. ನಮ್ಮ ಹೆಣ್ಣಮಕ್ಕಳೆಲ್ಲಾ ಎತ್ತರ ಅದಾರ, ದೂರಿಂದ ಕಾಣಬೇಕ. ಇನ್ನೊಂಚೂರ ಏರಸಾಕ ಬರತೈತೇನ? ಎಷ್ಟ ದಿನಾ ಬೇಕ?"

ಅವ್ವನ ಮುಖ ಇಳಿಯಿತು. ಚಿತ್ತಾರ ಬದಲಿಸುವುದೆಂದರೆ ಚಾಚಾ ಚೌಕಳಿ ಕಾಗದದ ಮೇಲೆ ಹೊಸದಾಗಿ ಬರೆದುಕೊಡುವುದು, ಚಾಚಾಗೆ ಕಣ್ಣು ಬಿಡಲು ಇನ್ನೂ ದಿನಗಳಿದ್ದವು.

ನಾನು ಮೊಬೈಲ್ ತೆಗೆದು ಮೆನುವಿನಲ್ಲಿ ಒಂದು ಒತ್ತಿದೆ. ಎತ್ತರ ಕೇಳಿತು. ಹತ್ತು ಎಂದು ಕೊಟ್ಟೆ. ಹೊಸ ಗೋಪುರ ಪರದೆ ತುಂಬ ಇಳಿಯಿತು. ಹತ್ತು, ಒಂಬತ್ತು, ಒಂದು ಖಾಲಿ. ಅಕ್ಕೋರ ಮುಂದೆ ಹಿಡಿದೆ. ಅವರು ಕತ್ತು ಬಾಗಿಸಿ ಅಡ್ಡ ನೋಡಿದರು.

"ಇಷ್ಟ ಬೇಕ ನೋಡ. ಬಣ್ಣಾ ಬರಕೋ, ನೇರಳಿ ಮೈ, ಹಳದಿ ಗೋಪುರ" ಎಂದು ಕೂತು ಮಜ್ಜಿಗೆ ಕುಡಿದರು.

ಅವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುವಾಗ ಹೊಸ ಗೋಪುರದ ಸಾಲು ಎಣಿಸಿದೆ, ಇಪ್ಪತ್ತು. ಮನೆಗೆ ಬಂದು ಹೇಳಿದೆ. "ಅವ್ವ, ಇಪ್ಪತ್ತ ಪಟ್ಟಿ ಬೇಕು. ನಮ್ಮಲ್ಲಿ ಹದಿನಾರ ಅದಾವು. ಆ ಮುಚ್ಚಿದ ಮಗ್ಗದ ಡಾಬಿಯಿಂದ ನಾಕ ಬಿಚ್ಚಲೇನ?"

"ಅದನ್ನ ಮುಟ್ಟಬ್ಯಾಡ. ಚಾಚಾನ ಪೆಟಗ್ಯಾಗ ಇರತಾವು. ಹೋಗಿ ಎಂಟ ತಗೊಂಬಾ."

"ನಾಕ ಸಾಕವ್ವ."

"ಎಂಟ ತಗೊಂಬಾ ಅಂದ್ನಿ" ಎಂದಳು ಅವ್ವ. ಅವಳ ಎರಡೂ ಕೈ ಮುಚ್ಚಿದ ಕುಣಿಯ ಮೇಲಿನ ಜೋಳದ ಚೀಲದ ಮೂಲೆ ಹಿಡಿದಿದ್ದವು.